ಶಾಲೆಗಳಲ್ಲಿ ಉಚಿತ ಆತ್ಮರಕ್ಷಣಾ ತರಬೇತಿ

ಶಾಲೆಗಳಲ್ಲಿ ಉಚಿತ ಆತ್ಮರಕ್ಷಣಾ ತರಬೇತಿ ಎಂದರೆ ಹಲ್ಲೆ, ಲೈಂಗಿಕ ಕಿರುಕುಳ, ಅಪಹರಣ ಯತ್ನ ಮುಂತಾದ ಸಂದರ್ಭಗಳಲ್ಲಿ ತಮ್ಮನ್ನು ತಾವು ಕಾಪಾಡಿಕೊಳ್ಳುವ ಕ್ರಮವನ್ನು ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಕಲಿಸುವ ವ್ಯವಸ್ಥೆ. ಭಾರತದಲ್ಲಿ ಇದರ ಮುಖ್ಯ ರೂಪವು ಸಮಗ್ರ ಶಿಕ್ಷಾ ಯೋಜನೆಯಡಿ ನಡೆಯುವ 'ರಾಣಿ ಲಕ್ಷ್ಮೀಬಾಯಿ ಆತ್ಮರಕ್ಷಾ ಪ್ರಶಿಕ್ಷಣ'. ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯವರೆಗಿನ ವಿದ್ಯಾರ್ಥಿನಿಯರು ಹಾಗೂ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳ ವಿದ್ಯಾರ್ಥಿನಿಯರು ಇದರ ಫಲಾನುಭವಿಗಳು.

ಹಿನ್ನೆಲೆ

2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ ಹೆಣ್ಣುಮಕ್ಕಳ ಸುರಕ್ಷತೆಯ ವಿಷಯವು ದೇಶವ್ಯಾಪಿ ಚರ್ಚೆಗೆ ಬಂದಿತು; 2013ರಲ್ಲಿ ಕೇಂದ್ರ ಸರ್ಕಾರ ನಿರ್ಭಯಾ ನಿಧಿಯನ್ನು ಸ್ಥಾಪಿಸಿತು. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದಡಿ ಪ್ರೌಢಶಾಲೆಗಳಲ್ಲಿ ನಡೆಯುತ್ತಿದ್ದ ಆತ್ಮರಕ್ಷಣಾ ತರಗತಿಗಳು 2018ರಲ್ಲಿ ಸಮಗ್ರ ಶಿಕ್ಷಾ ಯೋಜನೆಯೊಳಗೆ ಸೇರಿದವು. ದೆಹಲಿ ಪೊಲೀಸ್ ಇಲಾಖೆಯ ಮಹಿಳೆ ಮತ್ತು ಮಕ್ಕಳ ವಿಶೇಷ ಘಟಕವೂ ಶಾಲಾ ಕಾಲೇಜುಗಳಲ್ಲಿ ಇಂತಹ ಶಿಬಿರಗಳನ್ನು ನಡೆಸುತ್ತದೆ.

ಕರ್ನಾಟಕದಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳು ಮತ್ತು ವಸತಿ ಶಾಲೆಗಳ ಹೆಣ್ಣುಮಕ್ಕಳಿಗೆ ನೀಡುವ ತರಬೇತಿಗೆ ಒನಕೆ ಓಬವ್ವಳ ಹೆಸರಿಡಲಾಗಿದೆ. ಹೈದರಾಲಿಯ ಸೈನಿಕರು ಕಿಂಡಿಯ ಮೂಲಕ ಚಿತ್ರದುರ್ಗದ ಕೋಟೆಯೊಳಗೆ ನುಸುಳಿದಾಗ ಓಬವ್ವ ಕೈಗೆತ್ತಿಕೊಂಡದ್ದು ಭತ್ತ ಕುಟ್ಟುವ ಒನಕೆಯನ್ನು. ಕೈಗೆ ಸಿಕ್ಕ ವಸ್ತುವನ್ನೇ ಆಯುಧವಾಗಿಸಿಕೊಳ್ಳುವುದು ಇಂದಿನ ತರಬೇತಿಯ ಒಂದು ಪಾಠವೂ ಆಗಿರುವುದರಿಂದ ಈ ಹೆಸರು ಔಚಿತ್ಯಪೂರ್ಣವಾಗಿದೆ.

ತರಬೇತಿಯ ಸ್ವರೂಪ

ತರಬೇತಿಯ ಅವಧಿ ಸಾಮಾನ್ಯವಾಗಿ ಮೂರು ತಿಂಗಳು. ಪ್ರತಿ ಶಾಲೆಗೆ ತಿಂಗಳಿಗೆ 5,000 ರೂಪಾಯಿಯಂತೆ ಅನುದಾನ ನಿಗದಿಯಾಗಿದೆ. ಕರಾಟೆ, ಜೂಡೊ, ಟೇಕ್ವಾಂಡೊ ಮೊದಲಾದ ಕಲೆಗಳಿಂದ ಆಯ್ದ ಪಟ್ಟುಗಳನ್ನು ಕಲಿಸಲಾಗುತ್ತದೆ. ಕೀಲಿಕೈ ಗೊಂಚಲು, ದುಪಟ್ಟಾ, ಶಾಲಾ ಚೀಲ, ಪೆನ್ನು, ನೋಟ್ ಪುಸ್ತಕಗಳನ್ನು ಆಯುಧವಾಗಿ ಬಳಸುವ ವಿಧಾನವೂ ಇದರಲ್ಲಿ ಸೇರಿದೆ.

ಮೂರು ತಿಂಗಳಲ್ಲಿ ಯಾರೂ ಕರಾಟೆಪಟುವಾಗಲಾರರು. ಆದ್ದರಿಂದ ಉತ್ತಮ ತರಬೇತಿಯಲ್ಲಿ ಹೊಡೆಯುವುದಕ್ಕಿಂತ ಬಿಡಿಸಿಕೊಂಡು ಓಡುವುದಕ್ಕೆ ಹೆಚ್ಚು ಮಹತ್ವವಿರುತ್ತದೆ. ಮಣಿಕಟ್ಟನ್ನು ಯಾರಾದರೂ ಹಿಡಿದಾಗ ಆ ಹಿಡಿತ ಸಡಿಲವಾಗಿರುವುದು ಹೆಬ್ಬೆರಳು ಮತ್ತು ಇತರ ಬೆರಳುಗಳು ಸಂಧಿಸುವ ಕಡೆ. ಕೈಯನ್ನು ಆ ದಿಕ್ಕಿಗೆ ತಿರುಗಿಸಿ ರಭಸದಿಂದ ಎಳೆದುಕೊಂಡರೆ ಬಲಶಾಲಿಯ ಹಿಡಿತದಿಂದಲೂ ಬಿಡಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ಗಟ್ಟಿಯಾಗಿ ಕೂಗುವುದನ್ನು ಕೂಡ ಅಭ್ಯಾಸ ಮಾಡಿಸಬೇಕಾಗುತ್ತದೆ. ಮೆಲ್ಲಗೆ ಮಾತನಾಡಬೇಕೆಂದು ಬಾಲ್ಯದಿಂದ ಹೇಳಿಸಿಕೊಂಡು ಬಂದ ಹುಡುಗಿಗೆ ಮೈದಾನದಲ್ಲಿ ನಿಂತು 'ಬಿಡು' ಎಂದು ಅರಚುವುದೇ ಅನೇಕ ವೇಳೆ ಅತ್ಯಂತ ಕಠಿಣವಾದ ಪಾಠ.

ಕಾನೂನು

ಪ್ರಾಣ ಮತ್ತು ಶರೀರವನ್ನು ರಕ್ಷಿಸಿಕೊಳ್ಳುವ ಹಕ್ಕನ್ನು ಭಾರತೀಯ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳು ಮಾನ್ಯ ಮಾಡಿದ್ದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಹಕ್ಕು 34ರಿಂದ 44ರವರೆಗಿನ ಕಲಂಗಳಲ್ಲಿದೆ. ರಕ್ಷಣೆಗೆ ಅಗತ್ಯವಿರುವುದಕ್ಕಿಂತ ಹೆಚ್ಚಿನ ಹಾನಿ ಮಾಡುವುದಕ್ಕೆ ಇದರಲ್ಲಿ ಅವಕಾಶವಿಲ್ಲ.

ಪರಿಣಾಮ

ಕೀನ್ಯಾ ದೇಶದ ನೈರೋಬಿಯಲ್ಲಿ ಹದಿಹರೆಯದ ಹುಡುಗಿಯರಿಗೆ ನೀಡಿದ ಆತ್ಮರಕ್ಷಣಾ ತರಬೇತಿಯ ಕುರಿತ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ತರಬೇತಿಗೆ ಮುನ್ನ ಶೇ. 24.6ರಷ್ಟಿದ್ದ ಲೈಂಗಿಕ ಹಲ್ಲೆಯ ವಾರ್ಷಿಕ ಪ್ರಮಾಣ, ತರಬೇತಿಯ ನಂತರ ಶೇ. 9.2ಕ್ಕೆ ಇಳಿದಿತ್ತು. ಅಲ್ಲಿ ದೈಹಿಕ ಪಟ್ಟುಗಳ ಜೊತೆಗೆ ಅಪಾಯವನ್ನು ಗುರುತಿಸುವುದು, ದೃಢವಾಗಿ ನಿರಾಕರಿಸುವುದು, ಮಾತಿನಿಂದಲೇ ಪ್ರತಿರೋಧಿಸುವುದು ಇವುಗಳನ್ನೂ ಕಲಿಸಲಾಗಿತ್ತು. ಹುಡುಗರಿಗಾಗಿ ಪ್ರತ್ಯೇಕ ಪಠ್ಯಕ್ರಮವೂ ಆ ನಗರದಲ್ಲಿ ರೂಪುಗೊಂಡಿತು.

ಮಿತಿಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳ ಪ್ರಕಾರ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಆರೋಪಿಗಳು ಸಂತ್ರಸ್ತರಿಗೆ ಪರಿಚಿತರೇ: ಬಂಧುಗಳು, ನೆರೆಹೊರೆಯವರು, ಸ್ನೇಹಿತರು, ಕೆಲಸ ಕೊಟ್ಟವರು. ಆದರೆ ಅಪರಿಚಿತನೊಬ್ಬ ದಾರಿಯಲ್ಲಿ ಅಡ್ಡಗಟ್ಟುವ ಸನ್ನಿವೇಶವನ್ನೇ ಕಲ್ಪಿಸಿಕೊಂಡು ಪಟ್ಟುಗಳನ್ನು ಕಲಿಸುವ ಪದ್ಧತಿ ಸಾಮಾನ್ಯವಾಗಿದೆ. ಚಿಕ್ಕಪ್ಪನ ಅಥವಾ ಮನೆಪಾಠದ ಮೇಷ್ಟರ ಮುಂದೆ ಮಗುವಿನ ಕೈ ಮೇಲೇಳುವುದಿಲ್ಲ; ಅಲ್ಲಿ ಬೇಕಾದದ್ದು ಆ ಸ್ಪರ್ಶ ತಪ್ಪೆಂದು ತಿಳಿಯುವ ಅರಿವು ಮತ್ತು ಹೇಳಿದರೆ ನಂಬುವ ಒಬ್ಬ ಹಿರಿಯರು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದುಬಂದಲ್ಲಿ ಪೊಲೀಸರಿಗೆ ಮಾಹಿತಿ ನೀಡುವುದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಕಡ್ಡಾಯ. ಇದು ಶಿಕ್ಷಕರಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಮಗುವೇ ನೇರವಾಗಿ ಕರೆ ಮಾಡಬಹುದು.

ರಕ್ಷಣೆಯ ಹೊಣೆಯನ್ನು ಸಮಾಜವು ಮಕ್ಕಳ ಹೆಗಲಿಗೇ ವರ್ಗಾಯಿಸುತ್ತದೆ ಎಂಬ ಆಕ್ಷೇಪವೂ ಇದೆ. ಪ್ರತಿರೋಧಿಸಲಾಗದೆ ಭಯದಿಂದ ಮರಗಟ್ಟಿ ನಿಲ್ಲುವುದು ದೇಹದ ಸಹಜ ಪ್ರತಿಕ್ರಿಯೆಗಳಲ್ಲೊಂದು. ಇದನ್ನು ವಿವರಿಸದ ತರಬೇತಿಯು, ಹಲ್ಲೆಗೊಳಗಾದ ಮಗುವಿಗೆ ತಾನು ಕಲಿತದ್ದನ್ನು ಬಳಸಲಿಲ್ಲವೆಂಬ ತಪ್ಪಿತಸ್ಥ ಭಾವನೆಯನ್ನು ಉಂಟುಮಾಡುವ ಸಾಧ್ಯತೆಯಿದೆ.

ಯೋಜನೆಯು ಹೆಣ್ಣುಮಕ್ಕಳಿಗೆ ಸೀಮಿತವಾಗಿರುವುದು ಇನ್ನೊಂದು ಕೊರತೆ. ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಗಂಡು, ಹೆಣ್ಣು ಎಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ತಿಳಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಗಂಡುಮಕ್ಕಳಾಗಿದ್ದರು.