ಕೆರೆಯ ಯೋಜನೆ ಕಾಲುವೆಯಿಂದ ಶುರುವಾಗಲಿ

ನಗರದ ಕೆರೆಯೊಂದರ ಅಭಿವೃದ್ಧಿಗೆ ಹಣ ಮಂಜೂರಾಯಿತೆಂದರೆ ಸಾಮಾನ್ಯವಾಗಿ ಕೆಲಸ ಆರಂಭವಾಗುವುದು ದಡದಿಂದ. ಸುತ್ತ ಬೇಲಿ, ನಡೆದಾಡಲು ಹಾದಿ, ಕೂರಲು ಕಲ್ಲುಬೆಂಚು, ಸಾಲುದೀಪ, ಮಕ್ಕಳಿಗೆ ಉಯ್ಯಾಲೆ, ಅನುಕೂಲವಿದ್ದರೆ ದೋಣಿವಿಹಾರ. ಇವು ಬೇಡವೆನ್ನುವಂತಿಲ್ಲ. ಇಕ್ಕಟ್ಟಾದ ಬಡಾವಣೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಬದುಕುವವರಿಗೆ ದಿನಕ್ಕೊಂದು ಗಂಟೆ ತೆರೆದ ನೀರಿನ ಪಕ್ಕದಲ್ಲಿ ಉಸಿರಾಡುವುದು ಶೋಕಿಯಲ್ಲ, ಬದುಕಿನ ಅಗತ್ಯ. ಆದರೆ ಕೆರೆಯ ಅಳಿವು ಉಳಿವು ದಡದಲ್ಲಿ ತೀರ್ಮಾನವಾಗುವುದಿಲ್ಲ. ಒಳಗೆ ಬರುವ ನೀರು ಎಲ್ಲಿಂದ ಬರುತ್ತದೆ, ಏನನ್ನು ಹೊತ್ತು ತರುತ್ತದೆ, ಎಷ್ಟು ದಿನ ನಿಲ್ಲುತ್ತದೆ ಎಂಬುದರಲ್ಲಿ ಅದು ತೀರ್ಮಾನವಾಗುತ್ತದೆ. ಈ ಪ್ರಶ್ನೆಗಳು ಯೋಜನೆಯ ಸಭೆಯಲ್ಲಿ ಮೇಲೆ ಬರಬೇಕಾದರೆ ಅಲ್ಲಿ ಬೆಳಗಿನ ವಾಕಿಂಗ್‌ನವರು ಮಾತ್ರ ಇದ್ದರೆ ಸಾಲದು. ಬಲೆ ಬೀಸುವವರು, ಹುಲ್ಲು ಕೊಯ್ಯುವವರು, ಕಾಲುವೆಯ ಮೇಲ್ಭಾಗದಲ್ಲಿ ಮನೆ ಮಾಡಿಕೊಂಡಿರುವವರು ಎಲ್ಲರೂ ಕೂತಿರಬೇಕು.

ಬೆಂಗಳೂರನ್ನೇ ನೋಡಿ. ಇಲ್ಲಿಯ ಕೆರೆಗಳು ತಾವಾಗಿ ಹುಟ್ಟಿದ ಸರೋವರಗಳಲ್ಲ, ಕಟ್ಟಿದವು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ, ದೊಡ್ಡ ನದಿಯಿಲ್ಲದ ಊರು ಇದು. ಮಳೆನೀರು ಹರಿಯುವ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ಒಂದರ ಕೋಡಿ ಬಿದ್ದ ನೀರು ಮುಂದಿನದಕ್ಕೆ ಹೋಗುವ ಹಾಗೆ ಹಿರಿಯರು ಸರಪಣಿ ಹೆಣೆದರು. ತೂಬು ತೆಗೆಯಲು, ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇದ್ದ. ಹೂಳೆತ್ತಿದ ಮಣ್ಣು ಹೊಲ ಸೇರುತ್ತಿತ್ತು. ಕೆರೆಯಿಂದ ಬದುಕು ನಡೆಯುತ್ತಿದ್ದ ಕಾರಣಕ್ಕೇ ಅದನ್ನು ನೋಡಿಕೊಳ್ಳುವವರಿದ್ದರು. ಮನೆಗೆ ನಲ್ಲಿ ನೀರು ಬಂತು, ಅಚ್ಚುಕಟ್ಟಿನ ಗದ್ದೆಗಳು ಸೈಟುಗಳಾದವು, ನೀರುಗಂಟಿಗೆ ಕೆಲಸವಿಲ್ಲವಾಯಿತು. ಮಳೆನೀರಿಗಾಗಿ ಇದ್ದ ರಾಜಕಾಲುವೆಗೆ ಚರಂಡಿ ಸೇರಿತು. ಕೆರೆಗಳ ಜಾಲ ಹಾಗೇ ಉಳಿಯಿತು, ಹರಿಯುವ ನೀರು ಮಾತ್ರ ಬದಲಾಯಿತು. ಇಂದು ಮೇಲಿನ ಕೆರೆಯ ಕೊಳೆ ಕೆಳಗಿನ ಕೆರೆಯ ಪಾಲು.

ಕೊಳೆನೀರು ಕೆರೆಯನ್ನು ಹೇಗೆ ಕೊಲ್ಲುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಮೇಲ್ನೋಟಕ್ಕೆ ಅದು ಕಾಣುವುದಿಲ್ಲ. ಮಲಮೂತ್ರ, ಸಾಬೂನಿನ ನೀರಿನಲ್ಲಿರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ಇರುಳಿಡೀ ಅದೇ ಆಮ್ಲಜನಕವನ್ನು ಹೀರುತ್ತದೆ. ತಳದಲ್ಲಿ ಕೊಳೆಯುವ ಕಸವೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಹೀಗಾಗಿ ನೀರಿನ ಅತಿ ಕೆಟ್ಟ ಗಳಿಗೆ ನಸುಕು. ಆಗ ಮೀನುಗಳು ಮೇಲಕ್ಕೆ ಬಂದು, ಬಾಯಿ ನೀರಿನಾಚೆ ಚಾಚಿ ಗುಟುಕು ಗುಟುಕಾಗಿ ಉಸಿರೆಳೆಯುತ್ತವೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ, ಇಲ್ಲವೇ ಮೊದಲ ಮಳೆ ಕಾಲುವೆಯ ಹೊಲಸನ್ನೆಲ್ಲ ಒಮ್ಮೆಗೇ ತಂದು ಸುರಿದಾಗ ಆ ಗುಟುಕೂ ಸಿಗುವುದಿಲ್ಲ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ದೋಣಿವಿಹಾರ, ದಡದ ಹಾದಿ ಎಲ್ಲವೂ ಇದ್ದ ಕೆರೆ ಅದು. ಬೆಳ್ಳಂದೂರಿನಲ್ಲಂತೂ 2017, 2018ರಲ್ಲಿ ಕೆರೆಯಂಗಳಕ್ಕೇ ಬೆಂಕಿ ಹತ್ತಿತು.

ಈ ವಿಷಯದಲ್ಲಿ ಅಮೆರಿಕದ ಸಿಯಾಟಲ್ ನಗರದ ಜನ ಕಲಿತ ಪಾಠ ನಮಗೂ ಬೇಕು. ಅಲ್ಲಿಯ ವಾಷಿಂಗ್ಟನ್ ಸರೋವರ ಈಜು, ದೋಣಿ, ಗಾಳಗಳ ತಾಣ. ಸುತ್ತಲ ಊರುಗಳ ಕೊಳಚೆ ಶುದ್ಧೀಕರಣ ಘಟಕಗಳ ನೀರು ಅದಕ್ಕೇ ಸೇರುತ್ತಿತ್ತು. ಸಂಸ್ಕರಿಸಿದ ನೀರೇ ಅದು, ಆದರೆ ರಂಜಕ ಅದರಲ್ಲಿ ಉಳಿದಿರುತ್ತಿತ್ತು. 1955ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿ ಎಡ್ಮಂಡ್‌ಸನ್ ಅವರ ತಂಡಕ್ಕೆ ಒಂದು ಬಗೆಯ ನೀಲಿಹಸಿರು ಪಾಚಿ ಕಂಡಿತು. ಯುರೋಪಿನ ಸರೋವರಗಳು ಕೆಡುವ ಮುನ್ನ ಅಲ್ಲೂ ಅದೇ ಕಾಣಿಸಿಕೊಂಡಿತ್ತು. ಹಲವು ಊರುಗಳ ಕೊಳಚೆಯನ್ನು ಒಟ್ಟಾಗಿ ನಿರ್ವಹಿಸುವ ಸಂಸ್ಥೆ ಬೇಕೆಂಬ ಪ್ರಸ್ತಾವವನ್ನು 1958ರ ಮಾರ್ಚ್‌ನಲ್ಲಿ ಜನರ ಮತಕ್ಕೆ ಹಾಕಿದರು, ಸೋತಿತು. ತಿದ್ದಿ, ಜನರ ನಡುವೆ ಓಡಾಡಿ ವಿವರಿಸಿ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮತ್ತೆ ಮತಕ್ಕಿಟ್ಟರು, ಗೆದ್ದಿತು. ವೆಚ್ಚದ ಭಾರ ತಮ್ಮ ಮೇಲೇ ಬೀಳುತ್ತದೆಂದು ಗೊತ್ತಿದ್ದೂ ಜನ ಒಪ್ಪಿದ್ದರು. 1963ರಿಂದ 1968ರೊಳಗೆ ಕೊಳಚೆಯನ್ನೆಲ್ಲ ಬೇರೆಡೆ ತಿರುಗಿಸಿದರು. ಅರವತ್ತರ ದಶಕದಲ್ಲಿ ಒಂದು ಮೀಟರ್ ಆಳಕ್ಕೂ ಕಣ್ಣು ಹಾಯದಿದ್ದ ನೀರು ಎಪ್ಪತ್ತರ ದಶಕದ ಆರಂಭದಲ್ಲೇ ಮೂರು ಮೀಟರ್‌ವರೆಗೆ ತಿಳಿಯಾಯಿತು. ದಡದ ಅಲಂಕಾರದಿಂದಲ್ಲ, ಕೊಳಚೆ ತಿರುಗಿಸಿದ್ದರಿಂದ ಬಂದ ಫಲ ಇದು.

ಸಿಯಾಟಲ್‌ಗೆ ಸಮುದ್ರವಿತ್ತು, ಕೊಳಚೆಯನ್ನು ಅತ್ತ ತಿರುಗಿಸಿದರು, ನಮಗೆ ಆ ದಾರಿ ಎಲ್ಲಿದೆ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ಬೆಂಗಳೂರಿಗೆ ಇನ್ನೂ ಒಂದು ತೊಡಕಿದೆ. ಮಳೆಯಲ್ಲಷ್ಟೇ ತುಂಬುತ್ತಿದ್ದ ಕೆರೆಗಳಿಗೆ ಈಗ ವರ್ಷವಿಡೀ ಬರುವ ನೀರೆಂದರೆ ಮನೆಗಳಲ್ಲಿ ಬಳಸಿ ಬಿಟ್ಟ ನೀರು. ಅದನ್ನು ಪೂರ್ತಿ ತಡೆದರೆ ಬೇಸಿಗೆಯಲ್ಲಿ ಹಲವು ಕೆರೆಗಳು ಒಣಗುತ್ತವೆ, ಇದ್ದ ಹಾಗೇ ಬಿಟ್ಟರೆ ನಾರುತ್ತವೆ. ಉತ್ತರ ಬೆಂಗಳೂರಿನ ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಇದಕ್ಕೊಂದು ಉತ್ತರ ಸಿಕ್ಕಿದೆ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದ ಶುದ್ಧೀಕರಣ ಘಟಕವನ್ನು ಜಲಮಂಡಳಿ ಕೆರೆಯ ಮೇಲ್ದಿಕ್ಕಿನಲ್ಲಿ ಕಟ್ಟಿತು. ಅಲ್ಲಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ, ಮೊದಲು ಜೊಂಡು ಬೆಳೆದ ಜೌಗಿನೊಳಗೆ ಹಾಯುತ್ತದೆ. ಆಳೆತ್ತರದ ಜೊಂಡಿನ ಬುಡದಲ್ಲಿ ನೀರು ಓಡುವುದಿಲ್ಲ, ತೆವಳುತ್ತದೆ. ಹೊತ್ತು ತಂದ ಮಡ್ಡಿ ಅಲ್ಲಿ ಕೆಳಗೆ ಕೂರುತ್ತದೆ, ಬೇರಿಗೆ ಅಂಟಿದ ಸೂಕ್ಷ್ಮಜೀವಿಗಳು ಹೊಲಸನ್ನು ಅರಗಿಸುತ್ತವೆ, ಉಳಿದ ಗೊಬ್ಬರವನ್ನು ಗಿಡ ಉಣ್ಣುತ್ತದೆ. ಆಮೇಲೆ ಕೆರೆ. ಕೆರೆಯ ನೀರು ಸುತ್ತಲ ಬಾವಿಗಳ ಸೆಲೆಗೂ ಇಂಗುತ್ತದೆ.

ಆದರೆ ಜೌಗು ತಾನಾಗಿ ನಡೆಯುವ ಯಂತ್ರವಲ್ಲ. ಬೆಳೆದ ಗಿಡವನ್ನು ಕೊಯ್ಯದೆ ಬಿಟ್ಟರೆ ಅದು ಅಲ್ಲೇ ಸತ್ತು ಕೊಳೆತು, ಉಂಡದ್ದನ್ನೆಲ್ಲ ನೀರಿಗೇ ವಾಪಸು ಕೊಡುತ್ತದೆ. ಹೆಚ್ಚಿನ ಯೋಜನೆಗಳು ಎಡವುವುದು ಇಲ್ಲೇ ಎಂದು ನನ್ನ ಅನಿಸಿಕೆ. ಹಸುವಿಗೆಂದು ಹುಲ್ಲು ಕೊಯ್ದು ಹೊರೆ ಹೊತ್ತೊಯ್ಯುವವಳು, ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ಬಿಡಿಸುವವಳು, ಮೀನು ಹಿಡಿದು ಮಾರುವವನು ಇವರೆಲ್ಲ ತಮ್ಮ ಅನ್ನಕ್ಕಾಗಿ ಮಾಡುವ ಕೆಲಸದಿಂದಲೇ ಕೆರೆಯ ಹೊರೆ ಇಳಿಯುತ್ತದೆ. ಹೊರಗೆ ಹೋದ ಪ್ರತಿ ಹೊರೆ ಹುಲ್ಲಿನ ಜೊತೆ, ಪ್ರತಿ ಬುಟ್ಟಿ ಮೀನಿನ ಜೊತೆ ಸಾರಜನಕ, ರಂಜಕಗಳೂ ಹೋಗುತ್ತವೆ. ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು ಇವರನ್ನು ಹೊರಗಿಟ್ಟ ಮೇಲೆ ಅದೇ ಕೆಲಸಕ್ಕೆ ಟೆಂಡರ್ ಕರೆದು ಯಂತ್ರ ತರಿಸಬೇಕಾಗುತ್ತದೆ. ಸರ್ಜಾಪುರ ರಸ್ತೆಯ 48 ಎಕರೆಯ ಕೈಕೊಂಡ್ರಹಳ್ಳಿ ಕೆರೆಯಲ್ಲಿ ಪಾಲಿಕೆ ಮತ್ತು ನಿವಾಸಿಗಳು ಕೂಡಿ ಪುನಶ್ಚೇತನ ನಡೆಸಿದಾಗ ಹುಲ್ಲು ಕೊಯ್ಯುವವರಿಗೆ ಬಾಗಿಲು ಮುಚ್ಚಲಿಲ್ಲ. ಈ ಕೆರೆಯ ಕೆಲಸದಲ್ಲಿ ತೊಡಗಿದ್ದ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಅಷ್ಟಾಗಿಯೂ ಮೇಲಿನಿಂದ ಕೊಳೆ ನುಗ್ಗಿ ಅಲ್ಲೂ ಮೀನು ಸತ್ತದ್ದುಂಟು. ಒಂದು ಕೆರೆಯ ಸಮಿತಿ ಎಷ್ಟೇ ಒಳ್ಳೆಯದಿರಲಿ, ಕಾಲುವೆಯ ಮೇಲ್ಭಾಗ ಅದರ ಮಾತು ಕೇಳದಿದ್ದರೆ ಆಗುವುದು ಇದೇ.

ಹೀಗೆ ಎಲ್ಲರೂ ಕೂತು ಸಮುದಾಯವೇ ಕೆರೆ ನೋಡಿಕೊಳ್ಳಲಿ ಎಂದರೆ, ಸಮುದಾಯ ಎಂಬ ಮಾತಿನ ಮೇಲೇ ಆಕ್ಷೇಪ ಇರುವವರಿದ್ದಾರೆ. ಸಮುದಾಯವೆಂದರೆ ಕೊನೆಗೆ ಉಳ್ಳವರ ನಿವಾಸಿ ಸಂಘ, ದನ ಬೇಡ, ಬಟ್ಟೆ ಒಗೆಯುವುದು ಬೇಡ ಎಂದು ನಿರ್ಣಯ ಮಾಡುವವರು ಅವರೇ ಎನ್ನುತ್ತಾರೆ. ಈ ಭಯಕ್ಕೆ ಕಾರಣವಿದೆ. ಹಾಗೆಂದು ಸಭೆಯನ್ನೇ ಕೈಬಿಟ್ಟರೆ ತೀರ್ಮಾನ ಮತ್ತೂ ಕಡಿಮೆ ಜನರ ಕೈಗೆ ಹೋಗುತ್ತದೆ. ಸಭೆಯನ್ನು ದೊಡ್ಡದು ಮಾಡುವುದೇ ಸರಿಯಾದ ದಾರಿ: ಕೂಲಿಯವರಿಗೂ ಬಿಡುವಿರುವ ಹೊತ್ತಿನಲ್ಲಿ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ, ಕೆರೆಯ ಏರಿಯ ಮೇಲೆಯೇ ನಡೆಯಲಿ. ಕೊಳಚೆಯಲ್ಲಿ ಬೆಳೆದ ಹುಲ್ಲು, ಸೊಪ್ಪು, ಮೀನಿನಲ್ಲಿ ಭಾರಲೋಹಗಳ ಅಪಾಯವಿದೆ ಎಂಬ ಆತಂಕವೂ ನಿಜವೇ. ಕಾರ್ಖಾನೆಯ ತ್ಯಾಜ್ಯ ಸೇರುವ ಕಡೆ ಪರೀಕ್ಷೆ ಆಗದೆ ಏನನ್ನೂ ತಿನ್ನಬಾರದು. ಆದರೆ ಆ ಅಪಾಯಕ್ಕೆ ಹುಲ್ಲು ಕೊಯ್ಯುವವಳು ಕಾರಣಳಲ್ಲ. ಅವಳನ್ನು ಓಡಿಸಿದರೆ ವಿಷ ನೀರಲ್ಲೇ ಇರುತ್ತದೆ, ನೋಡಿ ಹೇಳುವ ಕಣ್ಣು ಮಾತ್ರ ಇಲ್ಲವಾಗುತ್ತದೆ.

ಸರ್ಕಾರದ ಬಳಿ ಹಣವಿಲ್ಲ, ಖಾಸಗಿಯವರಿಗೆ ಕೊಟ್ಟರೆ ಟಿಕೆಟ್, ದೋಣಿ, ಹೋಟೆಲ್‌ಗಳ ಆದಾಯದಲ್ಲಿ ಕೆರೆ ನಡೆಯುತ್ತದೆ ಎಂಬ ವಾದವನ್ನು ಬೆಂಗಳೂರು ಒಮ್ಮೆ ಪರೀಕ್ಷಿಸಿ ನೋಡಿದೆ. 2004ರ ನಂತರ ಹೆಬ್ಬಾಳ, ನಾಗವಾರ, ಅಗರ ಕೆರೆಗಳನ್ನು ಗುತ್ತಿಗೆಗೆ ಕೊಡಲಾಯಿತು. 2008ರಲ್ಲಿ ವಿಷಯ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಾಗಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯನ್ನು ಆಧರಿಸಿ 2012ರಲ್ಲಿ ತೀರ್ಪು ಬಂತು. ಗುತ್ತಿಗೆಯ ದೋಷ ಅದರ ಲೆಕ್ಕದಲ್ಲೇ ಇದೆ: ಟಿಕೆಟ್ ಕೊಂಡವನಿಗಷ್ಟೇ ಪ್ರವೇಶವಿರುವ ಕೆರೆಯಲ್ಲಿ ಆದಾಯ ಬರುವುದು ದಡದಿಂದ. ಗುತ್ತಿಗೆದಾರ ಹಣ ಹಾಕುವುದೂ ದಡಕ್ಕೆ. ಮೂರು ಮೈಲಿ ಮೇಲಿನ ಚರಂಡಿ ಸರಿಪಡಿಸಿದರೆ ಅವನಿಗೆ ಒಂದು ಟಿಕೆಟ್ಟೂ ಹೆಚ್ಚು ಮಾರಾಟವಾಗುವುದಿಲ್ಲ. ಚರಂಡಿ, ಶುದ್ಧೀಕರಣ ಘಟಕ, ಒತ್ತುವರಿ ತೆರವು ಇವು ಸರ್ಕಾರದ ಹೊಣೆಯೇ. ಜನರ ಸಮಿತಿ ಆ ಹೊಣೆಯನ್ನು ಹೊರಲಾರದು, ಹೊರಲೂಬಾರದು. ಆಗಬೇಕಾದ ಕೆಲಸ ಆಗಿದೆಯೇ ಎಂದು ದಿನವೂ ನೋಡಿ ಕೇಳುವುದು ಜನರಿಂದಲೇ ಆಗಬೇಕು, ಏಕೆಂದರೆ ನಸುಕಿನಲ್ಲಿ ಮೀನು ಬಾಯಿ ಬಿಡುವಾಗ ಕಚೇರಿ ತೆರೆದಿರುವುದಿಲ್ಲ.

ದಡದ ವಿನ್ಯಾಸದಲ್ಲೂ ನೀರಿನ ಮಾತೇ ಮೊದಲಾಗಬೇಕು. ಜೆಸಿಬಿ ಇಳಿಸಿ ಇಡೀ ಅಂಗಳವನ್ನು ಒಂದೇ ಆಳಕ್ಕೆ ಅಗೆದು, ಬದಿಯನ್ನು ಕಡಿದಾಗಿ ಕತ್ತರಿಸಿ ಕಲ್ಲು ಹೊದಿಸಿದರೆ ಕೆರೆ ಬಟ್ಟಲಾಗುತ್ತದೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಮೇಯುವ ಕೊಕ್ಕರೆಗೆ ಅಲ್ಲಿ ಜಾಗವಿಲ್ಲ, ಜೊಂಡು ಬೇರೂರಲು ನೆಲವಿಲ್ಲ. ಒಂದು ಬದಿಯಾದರೂ ಇಳಿಜಾರಾಗಿ, ಕತ್ತಲಾಗಿ, ನಡೆಯುವ ಹಾದಿಯಿಲ್ಲದೆ ಇರಲಿ. ಗಣೇಶನನ್ನು ಬಿಡಲು ಪ್ರತ್ಯೇಕ ಕಲ್ಯಾಣಿ ಇರಲಿ. ಹೀಗೆ ಮಾಡಿದರೆ ನಡೆಯುವವರಿಗೆ ಸಿಗುವ ಸುತ್ತು ಒಂದಿಷ್ಟು ಚಿಕ್ಕದಾದೀತು, ಅಷ್ಟೇ.

ನಿಮ್ಮೂರಿನ ಕೆರೆಗೆ ಯೋಜನೆ ಬರೆಯುವ ಸಭೆ ಕರೆದರೆ ತಪ್ಪದೆ ಹೋಗಿ. ಬೆಂಚು, ದೀಪಗಳ ಪಟ್ಟಿಗೆ ಸಹಿ ಹಾಕುವ ಮುನ್ನ ರಾಜಕಾಲುವೆಯ ನಕ್ಷೆಯನ್ನು ಮೇಜಿನ ಮೇಲೆ ಹರಡಲು ಹೇಳಿ. ಎಷ್ಟು ಕಡೆ ಕೊಳಚೆ ಸೇರುತ್ತದೆ, ಅದನ್ನು ಯಾರು, ಯಾವ ತಾರೀಖಿನೊಳಗೆ ನಿಲ್ಲಿಸುತ್ತಾರೆ, ಜೌಗಿನ ಹುಲ್ಲು ಕೊಯ್ಯುವವರು ಯಾರು, ನೀರಿನ ಪರೀಕ್ಷೆಯ ಫಲಿತಾಂಶವನ್ನು ಗೇಟಿನ ಬಳಿ ಪ್ರತಿ ತಿಂಗಳು ಬರೆದು ಹಾಕುತ್ತಾರೆಯೇ ಎಂದು ಕೇಳಿ. ಕೊಟ್ಟ ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿಕೊಂಡೇ ಏಳಿ.