ರೂಟರಿನ ತೂಬು ಯಾರ ಕೈಯಲ್ಲಿ?

ಮನೆಯ ರೂಟರಿಗೆ ಎರಡು ಪಾಸ್‌ವರ್ಡ್‌ಗಳಿರುತ್ತವೆ. ಒಂದು ವೈ-ಫೈ ಸೇರಲು, ಇನ್ನೊಂದು ರೂಟರಿನ ಸೆಟ್ಟಿಂಗ್ ತಿದ್ದಲು. ಮೊದಲನೆಯದನ್ನು ಜನ ಜೋಪಾನ ಮಾಡುತ್ತಾರೆ. ಎರಡನೆಯದು ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಿಂದ ಬಂದಂತೆಯೇ ಉಳಿದಿರುತ್ತದೆ. ಹೆಚ್ಚಿನ ಅಪಾಯ ಇರುವುದು ಎರಡನೆಯದರಲ್ಲೇ.

ಇದಕ್ಕೊಂದು ಹೋಲಿಕೆ ಇದೆ. ಹಾಸನ ಸೀಮೆಯಲ್ಲಿ ಕೆರೆ ನೀರಿನ ಉಸ್ತುವಾರಿಗೆ ನೀರುಗಂಟಿ ಇರುತ್ತಿದ್ದ. ನೀರು ಅಚ್ಚುಕಟ್ಟಿನ ಗದ್ದೆಗಳಿಗೆಲ್ಲ ಸಲ್ಲಬೇಕು. ತೂಬು ಎತ್ತುವ, ಇಳಿಸುವ ಅಧಿಕಾರ ಮಾತ್ರ ಅವನದು. ನೀರಿನ ಹಕ್ಕೇ ಬೇರೆ, ತೂಬಿನ ಹಕ್ಕೇ ಬೇರೆ. ವೈ-ಫೈ ಪಾಸ್‌ವರ್ಡ್ ನೀರಿನದಾದರೆ ಸೆಟ್ಟಿಂಗ್ ತಿದ್ದುವ ಅಡ್ಮಿನ್ ಪಾಸ್‌ವರ್ಡ್ ತೂಬಿನದು. ತೂಬು ಕೈಗೆ ಸಿಕ್ಕವನು ಮನೆಯವರ ಸಂಪರ್ಕವನ್ನು ತನಗೆ ಬೇಕಾದ ಕಡೆ ತಿರುಗಿಸಬಲ್ಲ, ಪೂರ್ತಿ ಮುಚ್ಚಲೂಬಲ್ಲ.

2017ರ ಜುಲೈನಲ್ಲಿ ಹೀಗೇ ಆಯಿತು. ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳಿಗೆ ಕುತಂತ್ರಾಂಶ ನುಗ್ಗಿತು. ಸಿಕ್ಕಿಬಿದ್ದದ್ದು ಪಾಸ್‌ವರ್ಡ್ ಇನ್ನೂ ‘ಅಡ್ಮಿನ್’ ಎಂದೇ ಇದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಸಂಸ್ಥೆ ಗ್ರಾಹಕರನ್ನು ಕೇಳಿಕೊಂಡಿತು.

ನೂರಾರು ರೂಟರ್‌ಗಳಿರುವ ಕಾಲೇಜು, ಕಚೇರಿಗಳಲ್ಲಿ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಪಟ್ಟಿ ಇಡುವುದು ಆಗದ ಮಾತು. ಅಲ್ಲಿ ನೆರವಿಗೆ ಬರುವುದು ಅಮೆರಿಕದ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ 1991ರಲ್ಲಿ ರೂಪಿಸಿದ ‘ರೇಡಿಯಸ್’ ಎಂಬ ವ್ಯವಸ್ಥೆ. ಬಂದವರು ಯಾರೆಂದು ರೂಟರ್ ಒಂದು ಕೇಂದ್ರ ಸರ್ವರನ್ನು ಕೇಳುತ್ತದೆ. ಯಾರು, ಏನು ಮಾಡಬಹುದು ಎಂಬುದನ್ನು ಸರ್ವರ್ ಹೇಳುತ್ತದೆ. ಯಾವಾಗ ಬಂದರು, ಹೋದರು ಎಂಬ ಲೆಕ್ಕವನ್ನೂ ಇಡುತ್ತದೆ.

ತೂಬಿಗೆ ಇನ್ನೊಂದು ಕಾವಲು ಅಕ್ಸೆಸ್ ಲಿಸ್ಟ್. ಯಾವ ವಿಳಾಸಕ್ಕೆ ದಾರಿ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಸಾಲುಗಳಿವು. ರೂಟರ್ ಮೇಲಿನಿಂದ ಓದುತ್ತ ಬಂದು, ಹೊಂದುವ ಮೊದಲ ಸಾಲಿಗೇ ನಿಂತುಬಿಡುತ್ತದೆ. ‘ಎಲ್ಲರನ್ನೂ ಬಿಡು’ ಎಂದು ಮೊದಲೇ ಬರೆದರೆ, ಕೆಳಗಿನ ತಡೆಗಳೆಲ್ಲ ವ್ಯರ್ಥ. ಸಿಸ್ಕೋ ರೂಟರ್‌ಗಳಲ್ಲಿ ಪಟ್ಟಿಯ ಕೊನೆಗೆ, ಬರೆಯದಿದ್ದರೂ, ‘ಉಳಿದವರೆಲ್ಲ ಹೊರಗೆ’ ಎಂಬ ಸಾಲಿರುತ್ತದೆ. ಸೆಟ್ಟಿಂಗ್ ಪುಟಕ್ಕೆ ಪಟ್ಟಿ ಹಾಕುವವರು ತಮ್ಮ ಕಂಪ್ಯೂಟರಿನ ವಿಳಾಸವನ್ನು ಮರೆತರೆ ತಾವೇ ಹೊರಗುಳಿಯುತ್ತಾರೆ.

ಮನೆಯಲ್ಲಿ ಮಾಡಬೇಕಾದ್ದು ಕಡಿಮೆ: ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು, ಹೊರಗಿನಿಂದ ಸೆಟ್ಟಿಂಗ್ ತಿದ್ದಲು ಬಿಡುವ ‘ರಿಮೋಟ್ ಮ್ಯಾನೇಜ್‌ಮೆಂಟ್’ ಆಫ್ ಮಾಡುವುದು. ಹೊಸ ಪಾಸ್‌ವರ್ಡ್ ಮರೆತುಹೋದರೆ, ರೂಟರಿನ ಹಿಂಬದಿಯ ಸಣ್ಣ ರಂಧ್ರದಲ್ಲಿ ಪಿನ್ನು ಒತ್ತಿ ಹಿಡಿದು ರೀಸೆಟ್ ಮಾಡಬಹುದು. ಆಗ ಕಾರ್ಖಾನೆಯ ಹಳೆಯ ಪಾಸ್‌ವರ್ಡೇ ಮರಳಿ ಬರುತ್ತದೆ; ಲೈನು ಜೋಡಿಸುವ ಮುಂಚೆ ಅದನ್ನು ಮತ್ತೆ ಬದಲಿಸಬೇಕು.