ಕಣ್ಣಿಗೆ ಕಂಡ ನಾದ

‘ಕಂಡಕ್ಟರ್’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸಿನ ಮುಂದೆ ಬಂದು ನಿಲ್ಲುವುದು, ಬಗಲಿಗೆ ಚರ್ಮದ ಚೀಲ ತೂಗುಹಾಕಿಕೊಂಡು, ಕಿವಿಯ ಸಂದಿಗೆ ಪೆನ್ಸಿಲು ಸಿಕ್ಕಿಸಿಕೊಂಡು, ತುಂಬಿದ ಬಸ್ಸಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಕೂಗುವ ಪುಣ್ಯಾತ್ಮನ ಚಿತ್ರ. ಪಾಶ್ಚಾತ್ಯ ಸಂಗೀತದ ಕಂಡಕ್ಟರನ ಪಾಡು ಇದಕ್ಕಿಂತ ತೀರ ಭಿನ್ನವೇನೂ ಅಲ್ಲ. 80-100 ಮಂದಿ ವಾದಕರನ್ನು ಹೊತ್ತು ಸಾಗುವ ನಾದದ ಬಂಡಿಯಲ್ಲಿ ಯಾರು ಎಲ್ಲಿ ಏರಬೇಕು, ಯಾರು ಎಲ್ಲಿ ಇಳಿಯಬೇಕು ಎಂಬುದನ್ನು ನೋಡಿಕೊಳ್ಳುವವನು ಅವನೇ. ವ್ಯತ್ಯಾಸ ಒಂದೇ: ಅವನು ಬಾಯಿ ಬಿಡುವಂತಿಲ್ಲ. ಅಷ್ಟು ದೊಡ್ಡ ವಾದ್ಯವೃಂದದಲ್ಲಿ ಸದ್ದು ಮಾಡದೆ ನಿಂತಿರುವವನು ಅವನೊಬ್ಬನೇ.

ನಮ್ಮ ಕಚೇರಿಯ ಕ್ರಮ ಬೇರೆ. ಹಾಡುವವರೇ ತೊಡೆಯ ಮೇಲೆ ತಾಳ ಹಾಕುತ್ತಾರೆ. ಪಿಟೀಲಿನವರು ನೆರಳಿನಂತೆ ಹಿಂಬಾಲಿಸುತ್ತಾರೆ. ಮೃದಂಗದವರು ಒಂದು ಕಣ್ಣನ್ನು ಗಾಯಕರ ಮುಖದ ಮೇಲೆ ಇಟ್ಟಿರುತ್ತಾರೆ. ಎಲ್ಲರೂ ನಮ್ಮ ಕಡೆಗೇ ಮುಖ ಮಾಡಿ ಕುಳಿತಿರುವುದರಿಂದ ಅವರೊಳಗಿನ ಸಂಭಾಷಣೆಯೆಲ್ಲ ನಮ್ಮ ಕಣ್ಣೆದುರಿಗೇ ನಡೆಯುತ್ತದೆ. ಪಶ್ಚಿಮದ ಸಭಾಂಗಣದಲ್ಲಿ ಹಣ ಕೊಟ್ಟು ಬಂದವನಿಗೆ ವೃಂದನಾಯಕನ ಮುಖದ ದರ್ಶನವೇ ಇಲ್ಲ; ಗಂಟೆಗಟ್ಟಲೆ ಅವನು ನೋಡುವುದು ಒಂದು ಕಪ್ಪು ಕೋಟಿನ ಬೆನ್ನನ್ನು. ಆ ಮುಖ ಏನು ಬೇಡಿತು, ಆ ಎಡಗೈ ಯಾರನ್ನು ತಡೆಯಿತು, ಆ ಕಣ್ಣು ಯಾರನ್ನು ಕರೆಯಿತು ಎಂಬುದು ವಾದಕರಿಗೆ ಮಾತ್ರ ಗೊತ್ತು. ಈ ಏರ್ಪಾಟನ್ನು ತಿರುವುಮುರುವು ಮಾಡಿದ್ದು ಚಲನಚಿತ್ರ. ಕ್ಯಾಮೆರಾ ವಾದಕರ ನಡುವೆ ಹೋಗಿ ಕುಳಿತ ದಿನದಿಂದ, ಬೆನ್ನಾಗಿದ್ದವನಿಗೆ ಒಂದು ಮುಖ ಬಂತು.

ಮುಪ್ಪಿನ ಮಾಂತ್ರಿಕ, ಮಕ್ಕಳ ಮೇಷ್ಟರು

1948ನೆಯ ಇಸವಿ ಮಾರ್ಚ್ 20ರಂದು ನ್ಯೂಯಾರ್ಕಿನ ಎನ್.ಬಿ.ಸಿ. ಸಂಸ್ಥೆಯ ಸ್ಟುಡಿಯೋದಿಂದ ಆರ್ತುರೋ ಟೊಸ್ಕನಿನಿಯ ಕಚೇರಿಯೊಂದು ಟೆಲಿವಿಷನ್ನಿನಲ್ಲಿ ಪ್ರಸಾರವಾಯಿತು. ಅಂದಿನ ಕಾರ್ಯಕ್ರಮವೆಲ್ಲ ವ್ಯಾಗ್ನರನ ಕೃತಿಗಳು. ಇನ್ನು ಐದು ದಿನ ಕಳೆದರೆ ಟೊಸ್ಕನಿನಿಗೆ 81 ತುಂಬುತ್ತಿತ್ತು. ದೃಷ್ಟಿ ಬಹಳ ಮಂದವಾಗಿದ್ದ ಆ ಇಟಲಿಯ ಮುದುಕ ಸ್ವರಲಿಪಿಯ ಪುಸ್ತಕವನ್ನು ಮುಂದಿಟ್ಟುಕೊಳ್ಳದೆ ಇಡೀ ಕೃತಿಯನ್ನು ನೆನಪಿನಿಂದಲೇ ನಡೆಸುತ್ತಿದ್ದ. 1952ರ ವರೆಗೆ ಇಂಥ ಹತ್ತು ಕಚೇರಿಗಳು ಪ್ರಸಾರವಾದವು. ಆ ಕಪ್ಪು ಬಿಳುಪಿನ ಚಿತ್ರಗಳಲ್ಲಿ ಇಂದಿನ ಬೆಡಗೇನೂ ಇಲ್ಲ. ಆದರೂ ಆ ಬಿಗಿದ ಹುಬ್ಬು, ಬೊಂಬೆಯಾಟದ ಸೂತ್ರದಂತೆ ನೂರು ಜನರನ್ನು ಎಳೆಯುವ ಆ ತೆಳ್ಳನೆಯ ಕಡ್ಡಿ, ಇವನ್ನು ನೋಡಿದವರಿಗೆ ಅವನ ಧ್ವನಿಮುದ್ರಿಕೆಗಳು ಮುಂದೆ ಬೇರೆಯಾಗಿಯೇ ಕೇಳಿಸುತ್ತವೆ.

ಹತ್ತು ವರ್ಷಗಳ ತರುವಾಯ, 1958ರ ಜನವರಿ 18ರಂದು, ಅದೇ ನಗರದ ಲೆನರ್ಡ್ ಬರ್ನ್‌ಸ್ಟೈನ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ಹಿಂದಿಟ್ಟುಕೊಂಡು, ಮಕ್ಕಳ ಸಭೆಯ ಕಡೆಗೆ ತಿರುಗಿ, ‘ಸಂಗೀತಕ್ಕೆ ಅರ್ಥವೇನು?’ ಎಂದು ಕೇಳಿದರು. ‘ಎಳೆಯರ ಕಚೇರಿ’ಗಳೆಂದು ಹೆಸರಾದ ಈ ಮಾಲೆ 1972ರ ವರೆಗೆ ನಡೆದು 53 ಕಾರ್ಯಕ್ರಮಗಳಾದವು. ಒಳ್ಳೆಯ ಮೇಷ್ಟರ ಗುಣ ಅವರಲ್ಲಿತ್ತು. ಉತ್ತರವನ್ನು ಹೇಳಿಬಿಡುವ ಆತುರ ಅವರಿಗಿರಲಿಲ್ಲ. ಅವರೇ 1973ರಲ್ಲಿ ಇಂಗ್ಲೆಂಡಿನ ಈಲಿ ಪಟ್ಟಣದ ಹಳೆಯ ಇಗರ್ಜಿಯಲ್ಲಿ ಮಾಲರನ ಎರಡನೆಯ ಸಿಂಫನಿಯನ್ನು ನಡೆಸಿದ ಚಿತ್ರವೊಂದಿದೆ. ಅಲ್ಲಿ ಮೇಷ್ಟರು ಮಾಯವಾಗಿ, ಬೆವರಿನಿಂದ ತೊಯ್ದ ಮುಖದ ಒಬ್ಬ ಭಕ್ತ ನಿಂತಿರುತ್ತಾನೆ. ಕೆಲವರಿಗೆ ಅದು ಅತಿಯೆನ್ನಿಸಬಹುದು. ಆದರೆ ಕೊನೆಯಲ್ಲಿ ಗಾಯಕವೃಂದದ ಘೋಷ ಕಮಾನುಗಳ ಎತ್ತರಕ್ಕೆ ಏರುವಾಗ ಆ ಅತಿಯೇ ತಕ್ಕ ಅಳತೆಯೆಂದು ತೋರುತ್ತದೆ.

ಕಣ್ಣು ಮುಚ್ಚಿದ ಅರಸು

ಇದಕ್ಕೆ ನೇರ ವಿರುದ್ಧವಾದ ದಾರಿ ಹೆರ್ಬರ್ಟ್ ಫಾನ್ ಕಾರಾಯಾನರದು. 1955ರಿಂದ 1989ರ ವರೆಗೆ ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದವನ್ನು ಆಳಿದ ಈ ಆಸ್ಟ್ರಿಯದವರಷ್ಟು ಕ್ಯಾಮೆರಾದ ಶಕ್ತಿಯನ್ನು ಅರಿತ ವೃಂದನಾಯಕರು ವಿರಳ. ‘ದಿ ವೇಜಸ್ ಆಫ್ ಫಿಯರ್’ ಎಂಬ ರೋಮಾಂಚಕ ಚಿತ್ರದ ನಿರ್ದೇಶಕ, ಫ್ರಾನ್ಸಿನ ಹೆನ್ರಿ ಜಾರ್ಜ್ ಕ್ಲೂಜೋ ಅವರೊಡನೆ ಸೇರಿ 1960ರ ದಶಕದ ನಡುವೆ ಅವರು ಹಲವು ಕಚೇರಿ ಚಿತ್ರಗಳನ್ನು ಮಾಡಿದರು. 1967ರಲ್ಲಿ ಮಿಲಾನಿನ ಲಾ ಸ್ಕಾಲಾ ನಾಟ್ಯಮಂದಿರದಲ್ಲಿ ತೆಗೆದ ವೆರ್ಡಿಯ ‘ರಿಕ್ವಿಯಂ’ ಅವುಗಳಲ್ಲೊಂದು. ಮುಂದೆ ಲೋಕಪ್ರಸಿದ್ಧನಾದ ಪಾವರೊಟ್ಟಿ ಅಲ್ಲಿ ಇನ್ನೂ ಗಡ್ಡ ಬಿಡದ ಯುವಕ.

ಕಾರಾಯಾನರು ಕಣ್ಣು ಮುಚ್ಚಿಕೊಂಡೇ ವೃಂದವನ್ನು ನಡೆಸುತ್ತಾರೆ. ಪಿಟೀಲಿನ ಕಮಾನುಗಳು ಪೈರಿನ ತೆನೆಗಳಂತೆ ಒಟ್ಟಾಗಿ ಬಾಗುತ್ತವೆ, ತುತ್ತೂರಿಗಳು ಹೊಳೆಯುತ್ತವೆ, ಆದರೆ ಅವನ್ನು ಹಿಡಿದವರ ಮುಖ ಬಹುಪಾಲು ನೆರಳಿನಲ್ಲಿ. ಅವರ ಹಲವು ಚಿತ್ರಗಳಲ್ಲಿ ಸಂಗೀತವನ್ನು ಮೊದಲೇ ಮುದ್ರಿಸಿಕೊಂಡು, ವಾದಕರು ಆಮೇಲೆ ಅದಕ್ಕೆ ಹೊಂದಿಸಿ ನುಡಿಸುವಂತೆ ನಟಿಸಿದ್ದೂ ಉಂಟು. ನಮ್ಮ ಸಿನಿಮಾ ಹಾಡುಗಳಿಗೆ ತುಟಿ ಅಲ್ಲಾಡಿಸುವ ತಂತ್ರವೇ ಇದು. ಅವುಗಳ ಸೌಂದರ್ಯಕ್ಕೆ ನಾನು ಮಾರುಹೋಗಿದ್ದೇನೆ. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಕೊರತೆ ಉಳಿದೇ ಉಳಿಯುತ್ತದೆ. ಕಣ್ಣು ಮುಚ್ಚಿದವರ ಮುಂದೆ ಮುಖವಿಲ್ಲದವರು ನುಡಿಸುವಾಗ, ಅಲ್ಲಿ ಯಾರು ಯಾರನ್ನು ಕೇಳುತ್ತಿದ್ದಾರೆ? ನಾದವೇನೋ ಇದೆ, ಅದು ಮನುಷ್ಯರ ನಡುವೆ ಹುಟ್ಟುವ ಗಳಿಗೆ ಕಾಣಿಸುವುದಿಲ್ಲ.

ನನ್ನ ಮಟ್ಟಿಗೆ ಕಚೇರಿಯ ಚಿತ್ರದ ಬೆಲೆ ಇರುವುದು ಆ ಗಳಿಗೆಯಲ್ಲಿ. ಹಾಗೆಂದು ನನಗೆ ತೋರಿಸಿಕೊಟ್ಟದ್ದು ಇಂಗ್ಲೆಂಡಿನ ಹುಡುಗಿಯೊಬ್ಬಳ ಚಿತ್ರ.

ಜಾಕ್ವೆಲಿನ್ ಡು ಪ್ರೇ

1945ರಲ್ಲಿ ಹುಟ್ಟಿದ ಜಾಕ್ವೆಲಿನ್ ಡು ಪ್ರೇ ನಾಲ್ಕು ವರ್ಷದ ಕೂಸಾಗಿದ್ದಾಗ ರೇಡಿಯೋದಲ್ಲಿ ಚೆಲ್ಲೋ ವಾದ್ಯದ ನಾದವನ್ನು ಕೇಳಿ, ತನಗೆ ಅದೇ ಬೇಕೆಂದು ಹಟ ಹಿಡಿದಳಂತೆ. ಪಿಟೀಲಿನ ಜಾತಿಗೇ ಸೇರಿದ, ಆದರೆ ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕಾದ, ಮಂದ್ರಸ್ವರದ ದೊಡ್ಡ ವಾದ್ಯವಿದು. ಅವಳ ಹೆಸರಿನೊಡನೆ ಎಂದೆಂದಿಗೂ ಬೆಸೆದುಕೊಂಡ ಕೃತಿ ಎಡ್ವರ್ಡ್ ಎಲ್ಗರನ ಚೆಲ್ಲೋ ಕನ್ಚರ್ಟೋ. ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ಲಂಡನ್ನಿನಲ್ಲಿ ಇದರ ಪ್ರಥಮ ಪ್ರಯೋಗ ನಡೆದಾಗ ಅಭ್ಯಾಸಕ್ಕೆ ಸಾಕಷ್ಟು ಕಾಲ ದೊರೆಯದೆ ಅದು ಸೋತಿತ್ತು. 1965ರಲ್ಲಿ, 20 ವರ್ಷದ ಈ ಹುಡುಗಿ ಬಾರ್ಬಿರೊಲ್ಲಿಯವರೊಡನೆ ಅದನ್ನು ಮುದ್ರಿಸಿದ ಮೇಲೆ ಅದು ಮನೆಮನೆಯ ಮಾತಾಯಿತು.

1967ರಲ್ಲಿ ಕ್ರಿಸ್ಟಫರ್ ನೂಪೆನ್ ಎಂಬ ನಿರ್ದೇಶಕರು, ಆಗ ಹೊಸದಾಗಿ ಬಂದಿದ್ದ, ಸದ್ದು ಮಾಡದ ಚಿಕ್ಕ ಕ್ಯಾಮೆರಾಗಳಿಂದ ಅವಳ ಚಿತ್ರ ತೆಗೆದರು. ಎಲ್ಗರನ ಕೃತಿ ಪೂರ್ತಿಯಾಗಿ ಅದರಲ್ಲಿದೆ. ವೃಂದ ನ್ಯೂ ಫಿಲ್‌ಹಾರ್ಮೋನಿಯ. ವೃಂದನಾಯಕ ಆ ವರ್ಷವೇ ಅವಳ ಕೈಹಿಡಿದ ಡೇನಿಯಲ್ ಬ್ಯಾರೆನ್‌ಬಾಯ್ಮ್. ಚೆಲ್ಲೋ ಒಂಟಿಯಾಗಿ ಎತ್ತುವ ಮೊದಲ ಸ್ವರಗಳಲ್ಲೇ ಅವಳ ಇಡೀ ಮೈ ಕಮಾನಿನೊಡನೆ ತೂಗುತ್ತದೆ. ಹೊಂಗೂದಲು ಮುಖಕ್ಕೆ ಬೀಳುತ್ತದೆ. ನಡುನಡುವೆ ಅವಳು ತಲೆಯೆತ್ತಿ ಗಂಡನ ಕಡೆ ನೋಡುತ್ತಾಳೆ, ಅವನು ನೋಡುತ್ತಾನೆ, ಆ ನೋಟದ ಮೇಲೆಯೇ ಇಡೀ ವೃಂದ ಹೆಜ್ಜೆಯಿಡುತ್ತದೆ.

ಇಲ್ಲಿ ನಮ್ಮ ನಾಡಿನ ನೆನಪೊಂದು ಬರುವುದು ಸಹಜ. ಈ ವೃಂದದ ಮೂಲವಾದ ಫಿಲ್‌ಹಾರ್ಮೋನಿಯ 1945ರಲ್ಲಿ ಹುಟ್ಟಿದಾಗ ಕೈಯಲ್ಲಿ ಕಾಸಿಲ್ಲದ ಕೂಸು. ಅದಕ್ಕೆ ಧನಸಹಾಯವಿತ್ತು ಪೊರೆದವರಲ್ಲಿ ಪ್ರಮುಖರು ಮೈಸೂರಿನ ಜಯಚಾಮರಾಜ ಒಡೆಯರು. ಅದರ ಕಚೇರಿ ಸಂಘಕ್ಕೆ ಅವರೇ ಪ್ರಥಮ ಅಧ್ಯಕ್ಷರು. 1950ರ ಮೇ 22ರಂದು ರಿಚರ್ಡ್ ಸ್ಟ್ರೌಸನ ‘ಕೊನೆಯ ನಾಲ್ಕು ಗೀತೆಗಳು’ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಈ ವೃಂದದಿಂದಲೇ. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದವರು ಫುರ್ಟ್‌ವೆಂಗ್ಲರ್, ವೆಚ್ಚದ ಹೊಣೆ ಹೊತ್ತವರು ನಮ್ಮ ಅರಸರು. ಅಂದಿನ ಕಚೇರಿ ಇಂದು ನಮಗೆ ಉಳಿದಿರುವುದು ಗೀರುಗೀರಾದ ಧ್ವನಿಯ ರೂಪದಲ್ಲಿ. ಆ ಹಾಡುಗಳು ಮೊದಲ ಸಲ ಹುಟ್ಟಿದಾಗ ಗಾಯಕಿಯ ಮುಖ ಹೇಗಿತ್ತು? ಧ್ವನಿಯಿಂದ ನಾವು ಊಹಿಸಿಕೊಳ್ಳಬೇಕಷ್ಟೆ.

ಅಮ್ಮ ಕಂಡದ್ದು

ನನ್ನ ತಾಯಿಗೆ ಕರ್ನಾಟಕ ಸಂಗೀತದ ಪರಿಚಯ ಚೆನ್ನಾಗಿದೆ; ಪಾಶ್ಚಾತ್ಯ ಸಂಗೀತ ಅವರಿಗೆ ಅಪರಿಚಿತ. ಹಿಂದೊಮ್ಮೆ ನಾನು ಎಲ್ಗರನ ಧ್ವನಿಮುದ್ರಣವನ್ನು ಹಾಕಿದಾಗ ಎರಡು ನಿಮಿಷ ಕೇಳಿ, “ಚೆನ್ನಾಗಿದೆ ಕಣೋ, ಆದರೆ ಯಾಕೋ ಬಹಳ ಅಳುತ್ತೆ” ಎಂದು ಒಲೆಯ ಮೇಲಿನ ಸಾರು ನೋಡಲು ಎದ್ದುಹೋಗಿದ್ದರು. ಈಚೆಗೆ ಒಂದು ಸಂಜೆ ಟೆಲಿವಿಷನ್ನಿನ ಪರದೆಯ ಮೇಲೆ ಈ ಚಿತ್ರ ಓಡುತ್ತಿತ್ತು. ಅಮ್ಮ ಹುರುಳಿಕಾಯಿ ಸೋಸುತ್ತ ಕುಳಿತಿದ್ದರು. ಸ್ವಲ್ಪ ಹೊತ್ತಿನಲ್ಲಿ ಕೈ ನಿಂತಿತು.

“ನೋಡೋ, ಈಗ ಅವನ ಕಡೆ ನೋಡಿ ನಕ್ಕಳಲ್ಲ, ಆಗ ಅವರಿಗೆ ಬಿಟ್ಟುಕೊಟ್ಟಳು. ತನಿ ಬಿಡುವಾಗ ನಮ್ಮವರು ಮೃದಂಗದವರನ್ನ ನೋಡೋಲ್ಲವೆ, ಹಾಗೆ” ಎಂದರು.

ಮರುಕ್ಷಣವೇ ವಾದ್ಯವೃಂದದ ನಾದ ಉಕ್ಕಿ ಬಂತು. ಅಮ್ಮ ಹೇಳಿದ್ದು ಸರಿಯಾಗಿತ್ತು. ಪುಸ್ತಕಗಳಿಂದ ನಾನು ಕಲಿತದ್ದನ್ನು ಅವರು ಒಂದು ನೋಟದಿಂದ ಹಿಡಿದಿದ್ದರು.

ಚಿತ್ರ ಮುಗಿದ ಮೇಲೆ ಆ ಹುಡುಗಿಯ ಮುಂದಿನ ಕಥೆಯನ್ನು ಹೇಳಬೇಕಾಯಿತು. 1971ರ ಹೊತ್ತಿಗೆ ಅವಳ ಬೆರಳುಗಳು ಸ್ಪರ್ಶವನ್ನು ಕಳೆದುಕೊಳ್ಳತೊಡಗಿದವು. 1973ರ ಅಕ್ಟೋಬರಿನಲ್ಲಿ ವೈದ್ಯರು ಕಾರಣ ಹೇಳಿದರು: ನರಗಳ ಹೊದಿಕೆಯನ್ನೇ ನಾಶಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ರೋಗ. ಆಗ ಅವಳಿಗೆ 28 ವರ್ಷ. ಅನಂತರ ಸಭೆಯಲ್ಲಿ ಅವಳು ನುಡಿಸಲಿಲ್ಲ. ವಾದ್ಯವಿಲ್ಲದೆ ಇನ್ನೂ 14 ವರ್ಷ ಬದುಕಿದ್ದು, 1987ರ ಅಕ್ಟೋಬರ್ 19ರಂದು, 42ನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಪರದೆಯ ಮೇಲಿನ ಹುಡುಗಿಗೆ ಇದೊಂದೂ ತಿಳಿಯದು. ಅವಳ ಬೆರಳುಗಳು ತಂತಿಯ ಮೇಲೆ ನಿರ್ಭಯವಾಗಿ ಓಡುತ್ತಿರುತ್ತವೆ. ತಿಳಿದಿರುವವರು ನೋಡುವ ನಾವು ಮಾತ್ರ. ನಾದವನ್ನು ಕಾಪಾಡಲು ಧ್ವನಿಮುದ್ರಣವೊಂದೇ ಸಾಕಾಗಿತ್ತು. ಆದರೆ ನುಡಿಸುವುದರ ಸಂತೋಷವನ್ನು, ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳುವ ಆ ಮುಖವನ್ನು ಉಳಿಸಿದ್ದು ಈ ಚಿತ್ರ.

ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸದ್ಯ, ಯಾರೋ ಪುಣ್ಯಾತ್ಮರು ಆಗಲೇ ತೆಗೆದಿಟ್ಟರಲ್ಲ” ಎಂದರು. ಹುರುಳಿಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ, “ಮೊದಲಿಂದ ಇನ್ನೊಂದು ಸಲ ಹಾಕು, ನೋಡೋಣ” ಎಂದರು.